ತೀರ್ಪಾದ ಜಮೀನಿಗೆ ಮತ್ತೊಂದು ದಾವೆ ಬೇಡ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹಿಂದೊಮ್ಮೆ ಕೋರ್ಟಿನಲ್ಲಿ ಸೋತ ಸರ್ವೆ ನಂಬರಿನ ಮೇಲೆಯೇ ಹೊಸ ದಾವೆ ಹೂಡಬೇಕೆಂದು ನಿಮ್ಮಲ್ಲಿ ಯಾರಾದರೂ ಮನಸ್ಸು ಮಾಡಿದ್ದರೆ, ದಯವಿಟ್ಟು ನಿಲ್ಲಿ. ವಕಾಲತ್ತಿಗೆ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆಗೆ ನಿಮ್ಮೊಳಗೇ ಉತ್ತರ ಹೇಳಿಕೊಳ್ಳಿ. ಹಿಂದಿನ ದಾವೆಯಲ್ಲಿ ನಿಮ್ಮ ಮಾತನ್ನು ಕೋರ್ಟು ಕೇಳಲಿಲ್ಲವೇ, ಅಥವಾ ಕೇಳಿ ಒಪ್ಪಲಿಲ್ಲವೇ? ಕೇಳಲೇ ಇಲ್ಲವೆಂದಾದರೆ ನಿಮಗೆ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ. ಕೇಳಿ, ಸಾಕ್ಷಿ ನೋಡಿ, ದಾಖಲೆ ಓದಿ ಒಪ್ಪಲಿಲ್ಲವೆಂದಾದರೆ, ನೀವು ಹೂಡಲಿರುವ ದಾವೆಯಿಂದ ನಿಮಗೆ ಜಮೀನು ಬರುವುದಿಲ್ಲ. ಎದುರಿನವನ ಆಯುಷ್ಯದ ಕೆಲವು ವರ್ಷ ಮಾತ್ರ ಹೋಗುತ್ತದೆ.

ನಡೆಯುವುದು ಹೇಗೆಂದು ನಮಗೆಲ್ಲ ಗೊತ್ತು. ಅಪ್ಪ ಇಂಜಂಕ್ಷನ್ ದಾವೆ ಹಾಕಿ ಸೋಲುತ್ತಾನೆ. ಅಪೀಲಿನಲ್ಲೂ ಸೋಲುತ್ತಾನೆ. ಸ್ವಲ್ಪ ಕಾಲ ಕಳೆದ ಮೇಲೆ ಮಗನ ಹೆಸರಿನಲ್ಲಿ ಪಾಲುದಾವೆ ಬರುತ್ತದೆ. ಅದರಲ್ಲಿ ಅಪ್ಪನೇ ಒಂದನೇ ಪ್ರತಿವಾದಿ, ಗೆದ್ದವನು ಎರಡನೇ ಪ್ರತಿವಾದಿ. ಅಪ್ಪ ತಕರಾರನ್ನೇ ಸಲ್ಲಿಸುವುದಿಲ್ಲ, ಏಕೆಂದರೆ ದಾವೆ ಬರೆಸಿದವನೇ ಅವನು. ಅದೂ ವಜಾ ಆದರೆ ಮೈನರ್ ಮೊಮ್ಮಗುವಿನ ಹೆಸರಿನಲ್ಲಿ ಇನ್ನೊಂದು, ಪೋಷಕಿಯಾಗಿ ಸೊಸೆಯ ಸಹಿ. ಚಕ್ಕುಬಂದಿಯಲ್ಲಿ ಒಂದು ಹೆಸರು ತಿದ್ದುತ್ತಾರೆ, ವಿಸ್ತೀರ್ಣದಲ್ಲಿ ಎರಡು ಗುಂಟೆ ಹೆಚ್ಚುಕಡಿಮೆ ಮಾಡುತ್ತಾರೆ. ಈ ನಡುವೆ ತಹಶೀಲ್ದಾರರ ಕಚೇರಿಯಲ್ಲಿ ಮ್ಯುಟೇಷನ್‌ಗೆ ತಕರಾರು, ಉಪವಿಭಾಗಾಧಿಕಾರಿಗಳ ಮುಂದೆ ಭೂಕಂದಾಯ ಕಾಯ್ದೆಯ 136(2)ರ ಅಪೀಲು, ಜಿಲ್ಲಾಧಿಕಾರಿಗಳ ಮುಂದೆ ರಿವಿಷನ್. ಸಿವಿಲ್ ಕೋರ್ಟು ಹಕ್ಕು ಯಾರದೆಂದು ಹೇಳಿಯಾದ ಮೇಲೂ ಕಂದಾಯ ಕಚೇರಿಯಲ್ಲಿ ಅದೇ ಹಾಡು ಮೊದಲಿಂದ ಶುರುವಾಗುತ್ತದೆ.

ಗೆದ್ದವನ ಮನೆಯ ಗತಿಯನ್ನು ಒಂದು ಗಳಿಗೆ ಯೋಚಿಸಿ. ಸಮನ್ಸ್ ಬಂದ ಕೂಡಲೇ ಅವನು ಮತ್ತೆ ವಕೀಲರನ್ನು ಹಿಡಿಯಬೇಕು, ಮೂವತ್ತು ದಿನದೊಳಗೆ, ಹೆಚ್ಚೆಂದರೆ ತೊಂಬತ್ತು ದಿನದೊಳಗೆ ಉತ್ತರ ಸಲ್ಲಿಸಬೇಕು, ಹಳೆಯ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಪಹಣಿಯಲ್ಲಿ ತಡೆಯಾಜ್ಞೆಯ ಷರಾ ಬಿದ್ದರೆ ಬೆಳೆಸಾಲಕ್ಕೆ ಬ್ಯಾಂಕಿನವರು ಹಿಂದೆಮುಂದೆ ನೋಡುತ್ತಾರೆ. ಪೋಡಿ ನಿಲ್ಲುತ್ತದೆ. ಮಗಳ ಮದುವೆಗೆಂದು ಒಂದು ಎಕರೆ ಮಾರಲು ಹೋದರೆ ಕೊಳ್ಳುವವನು ದಾವೆಯ ಸುದ್ದಿ ಕೇಳಿ ಹಿಂದೆ ಸರಿಯುತ್ತಾನೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ಹಣ್ಣಾದ ಹುಳುವನ್ನು ಅದೇ ದಿನ ಚಂದ್ರಿಕೆಗೆ ಬಿಡಬೇಕು. ಆ ವಾರ ಮನೆಯ ಒಂದು ಆಳು ಕಡಿಮೆಯಾದರೂ ಬೆಳೆ ಹೋಯಿತು. ಅಂಥ ವಾರದಲ್ಲೇ ವಾಯಿದೆ ಬಿದ್ದರೆ, ಹೋಗದಿದ್ದರೆ ದಾವೆ ಏಕಪಕ್ಷೀಯವಾಗುವ ಭಯ, ಹೋದರೆ ಹುಳುಮನೆಯ ಚಿಂತೆ. ಹೀಗೆ ಹೋಗಿ ಕೋರ್ಟಿನ ಜಗುಲಿಯಲ್ಲಿ ಸಂಜೆಯವರೆಗೆ ನಿಂತು, ಮುಂದಿನ ತಾರೀಖು ಬರೆಸಿಕೊಂಡು ಬರುವ ಮನುಷ್ಯ ಮಾಡಿದ ತಪ್ಪಾದರೂ ಏನು? ತನ್ನದನ್ನು ತನ್ನದೆಂದು ಒಮ್ಮೆ ಸಾಬೀತು ಮಾಡಿದ್ದೇ?

ಈ ಚಾಳಿ ನಮ್ಮ ಕಡೆ ಹೆಚ್ಚಾಗಲು ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2007ರ ಆಗಸ್ಟ್‌ನಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ ಮಳೆಯಾಶ್ರಿತ ಹೊಲಕ್ಕೆ ಯಾರೂ ಕೇಳರಿಯದ ಬೆಲೆ ಬಂತು. ಬೆಲೆ ಬಂದದ್ದೇ ತಡ, ತಾತನ ಕಾಲದಲ್ಲಿ ಮುಗಿದ ಪಾಲು, ಭೂನ್ಯಾಯಮಂಡಳಿ ಫಾರಂ 7ರ ಮೇಲೆ ಕೊಟ್ಟ ಆದೇಶ, ಇಬ್ಬರೂ ಸಹಿ ಹಾಕಿದ ರಾಜಿ ಡಿಕ್ರಿ ಎಲ್ಲವೂ ಮತ್ತೆ ಎದ್ದು ಕೂತವು. ಜಮೀನಿನ ಬೆಲೆ ಏರಿದ್ದರಿಂದ ಹಳೆಯ ತೀರ್ಪು ತಪ್ಪಾಗುವುದಿಲ್ಲ. ಇದು ಸರಳವಾದ ಮಾತು. ಆದರೂ ಎಷ್ಟೋ ಮನೆಗಳಲ್ಲಿ ಇದನ್ನು ಹೇಳುವ ಹಿರಿಯರು ಇಲ್ಲ, ಇದ್ದರೂ ಅವರ ಮಾತಿಗೆ ಬೆಲೆ ಇಲ್ಲ.

ಕಾನೂನು ಈ ವಿಷಯದಲ್ಲಿ ಗೊಂದಲವಿಲ್ಲದೆ ಮಾತಾಡಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 11 ಹೇಳುವುದು ಇಷ್ಟು: ಒಂದು ವಿಷಯ ನೇರವಾಗಿ ವಿವಾದದಲ್ಲಿದ್ದು, ಅಧಿಕಾರವುಳ್ಳ ಕೋರ್ಟು ಅದನ್ನು ಕೇಳಿ ಅಂತಿಮವಾಗಿ ತೀರ್ಮಾನಿಸಿದ್ದರೆ, ಅದೇ ಪಕ್ಷಗಾರರಾಗಲಿ ಅವರ ಮೂಲಕ ಹಕ್ಕು ಕೇಳುವವರಾಗಲಿ ಅದೇ ವಿಷಯವನ್ನು ಮತ್ತೆ ಎತ್ತುವಂತಿಲ್ಲ, ಕೋರ್ಟು ವಿಚಾರಿಸುವಂತೆಯೂ ಇಲ್ಲ. ಮೊದಲ ದಾವೆಯಲ್ಲಿ ಹೇಳಬಹುದಾಗಿದ್ದ, ಹೇಳಲೇಬೇಕಾಗಿದ್ದ ಮಾತನ್ನು ಆಗ ಹೇಳದೆ ಜೇಬಿನಲ್ಲಿಟ್ಟುಕೊಂಡು ಈಗ ತೆಗೆಯುವುದೂ ನಡೆಯದು. ಕುಟುಂಬದ ಯಜಮಾನ ಎಲ್ಲರ ಪರವಾಗಿ ಪ್ರಾಮಾಣಿಕವಾಗಿ ನಡೆಸಿದ ದಾವೆಯ ತೀರ್ಪು ಮಕ್ಕಳಿಗೂ ಅಂಟುತ್ತದೆ. ರಾಜಿ ಸರಿಯಿರಲಿಲ್ಲವೆಂದು ಹೇಳಿ ರಾಜಿ ಡಿಕ್ರಿಯ ಮೇಲೆ ಬೇರೆ ದಾವೆ ಹಾಕುವುದನ್ನು ಆದೇಶ 23ರ ನಿಯಮ 3-ಎ ತಡೆಯುತ್ತದೆ. ಲೋಕ ಅದಾಲತ್ತಿನ ತೀರ್ಮಾನಕ್ಕಂತೂ ಅಪೀಲೇ ಇಲ್ಲ.

ಇದು ಇಂಗ್ಲಿಷರು ತಂದ ಪರಕೀಯ ಕಾನೂನು ಎನ್ನುವವರಿಗೆ ನಮ್ಮ ನೆಲದ್ದೇ ಒಂದು ಮಾತು ಹೇಳಬೇಕು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಬರೆದ. ಪ್ರತಿವಾದಿ ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳಲ್ಲಿ ಅಲ್ಲಿ ಪ್ರಾಙ್ನ್ಯಾಯವೂ ಒಂದು. ಈ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿದೆ, ಇವನು ಆಗಲೇ ಸೋತಿದ್ದಾನೆ ಎನ್ನುವ ಉತ್ತರ ಅದು. ನ್ಯಾಯವಾಗಿ ಸೋತ ಮೇಲೂ ತಾನು ಸೋತಿಲ್ಲವೆಂದು ಮತ್ತೆ ಬಂದವನನ್ನು ಮತ್ತೆ ಸೋಲಿಸಿ ಇಮ್ಮಡಿ ದಂಡ ಹಾಕಬೇಕೆಂದು ಸ್ಮೃತಿ ಹೇಳುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ: ತೀರ್ಪೇ ಕೆಟ್ಟದ್ದಾಗಿದ್ದರೆ ರಾಜ ಅದನ್ನು ಮತ್ತೆ ನೋಡಬೇಕು, ತಪ್ಪು ತೀರ್ಪು ಕೊಟ್ಟ ಸಭ್ಯರಿಗೂ ಗೆದ್ದವನಿಗೂ ದಂಡ ಹಾಕಬೇಕು. ಎರಡೂ ಮಾತು ಒಟ್ಟಿಗೆ ಇರುವುದರಲ್ಲೇ ಅದರ ನ್ಯಾಯಬುದ್ಧಿ ಕಾಣುತ್ತದೆ. ಇವತ್ತು ನಮ್ಮ ಮನೆಗಳಲ್ಲಿ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಎಂದು ನಾವು ಕೇಳುವುದು ಇದೇ ಮಿತಾಕ್ಷರದ ಬಲದಿಂದ. ಪಾಲು ಕೇಳುವಾಗ ಬೇಕಾದ ಮಿತಾಕ್ಷರ, ಸೋಲು ಒಪ್ಪಿಕೊಳ್ಳುವಾಗ ಬೇಡವೇ?

ಬೆಂಗಳೂರಿನ ಒಂದು ಪ್ರಕರಣವನ್ನು ನಮ್ಮ ನಾಲ್ಕೂ ತಾಲ್ಲೂಕಿನ ವಕೀಲರ ಸಂಘಗಳಲ್ಲಿ ವರ್ಷಕ್ಕೊಮ್ಮೆ ಗಟ್ಟಿಯಾಗಿ ಓದಬೇಕು ಎಂಬುದು ನನ್ನ ಆಸೆ. 1977ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಅರಿವಂದಂದಂ ವಿರುದ್ಧ ಸತ್ಯಪಾಲ್ ಪ್ರಕರಣ ಅದು. ಬಾಡಿಗೆ ಜಾಗ ಖಾಲಿ ಮಾಡಬೇಕೆಂಬ ಆದೇಶ ಹೈಕೋರ್ಟಿನವರೆಗೂ ಹೋಗಿ ಖಾಯಮ್ಮಾಗಿತ್ತು. ಖಾಲಿ ಮಾಡಲು ಕೋರ್ಟು ಕನಿಕರದಿಂದ ಸಮಯವನ್ನೂ ಕೊಟ್ಟಿತ್ತು. ಆ ಸಮಯವನ್ನು ಬಳಸಿಕೊಂಡು ಮುನ್ಸೀಫ್ ಕೋರ್ಟಿನಲ್ಲಿ ಹೊಸ ದಾವೆ, ಅದು ನಿಲ್ಲದಿದ್ದಾಗ ಇನ್ನೊಬ್ಬ ಮುನ್ಸೀಫರ ಮುಂದೆ ಮತ್ತೊಂದು ದಾವೆ, ಮೊದಲನೆಯದರ ಕಾರ್ಬನ್ ಪ್ರತಿಯಂತೆ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಂಡು ಸುಮ್ಮನಿರಲಿಲ್ಲ. ವ್ಯಾಜ್ಯದ ಚಟ ಈ ದೇಶದ ಬಡವರನ್ನು ಹಾಳು ಮಾಡುತ್ತದೆ ಎಂದರು. ದಾವಾಪತ್ರವನ್ನು ಅಕ್ಷರಕ್ಕೆ ಅಕ್ಷರ ಓದಿ ಸುಮ್ಮನಾಗದೆ ಅದರ ಒಳಗಿನ ಉದ್ದೇಶವನ್ನು ಓದಬೇಕು, ಚತುರ ಬರವಣಿಗೆಯಿಂದ ಹುಟ್ಟಿಸಿದ ಸುಳ್ಳು ವ್ಯಾಜ್ಯಕಾರಣವನ್ನು ಮೊದಲ ದಿನವೇ, ಪಕ್ಷಗಾರನನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸಿ, ಚಿವುಟಿ ಹಾಕಬೇಕು ಎಂದು ಕೆಳಹಂತದ ನ್ಯಾಯಾಧೀಶರಿಗೆ ಹೇಳಿದರು. ಇಂಥ ದಾವೆಗೆ ಕೈಜೋಡಿಸುವ ವಕೀಲರ ಹೊಣೆಯನ್ನೂ ಅವರು ಬಿಡಲಿಲ್ಲ.

ಹಾಗಿದ್ದರೂ ಇದೇಕೆ ನಿಂತಿಲ್ಲ? ಕಾನೂನಿನ ಬಾಗಿಲಿಗೆ ಕಾವಲು ಇದೆ, ಆದರೆ ಆ ಕಾವಲಿಗೆ ತನ್ನಷ್ಟಕ್ಕೆ ಕಣ್ಣು ಕಾಣದು. ಹಳೆಯ ತೀರ್ಪಿನ ಸಂಗತಿಯನ್ನು ಯಾರಾದರೂ ತೋರಿಸಬೇಕು. ಹೊಸ ದಾವಾಪತ್ರದಲ್ಲಿ ಹಳೆಯ ದಾವೆಯ ಹೆಸರೇ ಇರುವುದಿಲ್ಲ. ಬೆಳಗಾವಿಯಿಂದ ಹೋದ ಒಂದು ಪ್ರಕರಣದಲ್ಲಿ 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಕಲಂ 11ರ ಈ ಪೂರ್ವತೀರ್ಪಿನ ತಡೆಯನ್ನು ನಿರ್ಧರಿಸಲು ಹಿಂದಿನ ದಾವೆಯ ದಾವಾಪತ್ರ, ಉತ್ತರ, ವಿವಾದಾಂಶ, ತೀರ್ಪು ಎಲ್ಲವನ್ನೂ ನೋಡಬೇಕಾಗುತ್ತದೆ, ಹಾಗಾಗಿ ಸಾಮಾನ್ಯವಾಗಿ ದಾವಾಪತ್ರವೊಂದನ್ನೇ ನೋಡಿ ಆರಂಭದಲ್ಲೇ ತಿರಸ್ಕರಿಸಲಾಗದು ಎಂದು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಗೆದ್ದ ರೈತನಿಗೆ ಅದರ ಅರ್ಥ ಮಾತ್ರ, ಮತ್ತೊಂದಿಷ್ಟು ವರ್ಷ. ಇನ್ನು ಕಿರುಕುಳದ ದಾವೆಗೆ ಪರಿಹಾರವಾಗಿ ಕೊಡಿಸಬಹುದಾದ ಖರ್ಚಿಗೆ ಕಲಂ 35-ಎ ಇಟ್ಟ ಮಿತಿ 3,000 ರೂಪಾಯಿ. ಬೆಂಗಳೂರು–ಮೈಸೂರು ಕಾರಿಡಾರ್ ಭೂಸ್ವಾಧೀನವನ್ನು ಮತ್ತೆ ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ 10 ಲಕ್ಷ ರೂಪಾಯಿ ಖರ್ಚು ಹಾಕಿತು. ತಾಲ್ಲೂಕು ಕೋರ್ಟಿನಲ್ಲಿ ಹತ್ತು ವರ್ಷ ಅಲೆದವನಿಗೆ ಈ 3,000 ಯಾವ ಪರಿಹಾರ? ಈ ಮಿತಿಯನ್ನು ಇವತ್ತಿನ ಬೆಲೆಗೆ ಏರಿಸಲೇಬೇಕು.

ಡಿಕ್ರಿ ಸಿಕ್ಕ ಮೇಲೂ ಅಮಲ್ಜಾರಿಯ ಕಥೆ ಬೇರೆ. ಭಾರತದಲ್ಲಿ ದಾವೆಗಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. 2021ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಆಸ್ತಿಯೊಂದರ ದೀರ್ಘ ವ್ಯಾಜ್ಯ ಮುಂದೆ ಬಂದಾಗ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು. 2025ರಲ್ಲಿ ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಎಂಟು ಲಕ್ಷ ಮಂದಿ ಗೆದ್ದೂ ಕೈಗೆ ಸಿಗದೆ ಕಾಯುತ್ತಿದ್ದಾರೆ. ಅಮೀನರು ಸ್ವಾಧೀನ ಕೊಡಿಸಲು ಜಮೀನಿಗೆ ಬಂದ ದಿನವೇ ಹೊಸ ದಾವೆಯ ತಡೆಯಾಜ್ಞೆ ಹಿಡಿದು ಅಡ್ಡ ನಿಲ್ಲುವವರು, ಈ ಸಾಲಿಗೆ ಇನ್ನೊಬ್ಬರನ್ನು ಸೇರಿಸುತ್ತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ನೊಂದು ಹೇಳುತ್ತಿದ್ದರು. ಆ ಗಾದೆಯನ್ನು ನಿಜ ಮಾಡುತ್ತಿರುವವರು ನಾವೇ.

ವಕೀಲ ಮಿತ್ರರೇ, ನಿಮ್ಮ ಮುಂದೆ ಕುಳಿತ ಕಕ್ಷಿದಾರ ಏನೂ ಮುಚ್ಚಿಡದೆ ಹೇಳಿದ್ದಾನೆಂದು ನಂಬಬೇಡಿ. ಈಗ ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿದರೆ ಹಳೆಯ ದಾವೆಗಳು ಕಾಣುತ್ತವೆ. ದಾವಾಪತ್ರ ಬರೆಯುವ ಮುಂಚೆ ಅದನ್ನು ನೋಡುವುದು ನಿಮ್ಮ ಧರ್ಮ. ಹಳೆಯ ತೀರ್ಪು ಸಿಕ್ಕಿದರೆ, ಎದುರಿಗೆ ಕುಳಿತವನ ಕಣ್ಣು ನೋಡಿ ಹೇಳಿ: ಯಜಮಾನರೇ, ಇದು ಆಗುವುದಿಲ್ಲ, ಮನೆಗೆ ಹೋಗಿ. ಅವನು ಫೀಸು ತೆಗೆದುಕೊಂಡು ಇನ್ನೊಬ್ಬರ ಬಳಿ ಹೋಗಬಹುದು. ಹೋಗಲಿ. ನಾಲ್ಕೂ ತಾಲ್ಲೂಕಿನ ವಕೀಲರು ಒಟ್ಟಾಗಿ ಹೀಗೆ ಹೇಳಿದರೆ ಅವನು ಎಲ್ಲಿಗೆ ಹೋಗುತ್ತಾನೆ? ಗೆದ್ದವನ ಪರ ನಿಂತವರೂ ಅಲಕ್ಷ್ಯ ಮಾಡಬೇಡಿ. ಪೂರ್ವತೀರ್ಪಿನ ತಕರಾರನ್ನು ಉತ್ತರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಬಿಡಬೇಡಿ. ಹಳೆಯ ದಾಖಲೆಗಳನ್ನೆಲ್ಲ ಹಾಜರುಪಡಿಸಿ, ಆದೇಶ 14ರ ನಿಯಮ 2ರಡಿ ಅದನ್ನೇ ಮೊದಲ ವಿವಾದಾಂಶವಾಗಿ ತೀರ್ಮಾನಿಸಲು ಕೇಳಿ.

ಮಾನ್ಯ ನ್ಯಾಯಾಧೀಶರಲ್ಲಿ ನನ್ನದು ಒಂದೇ ಬೇಡಿಕೆ, ಅದು ಭಾಷೆಯದು. ಮತ್ತೆ ದಾವೆ ಹಾಕುವವರೆಲ್ಲ ದುಷ್ಟರಲ್ಲ. ಎಷ್ಟೋ ಜನಕ್ಕೆ ತಾವು ಸೋತದ್ದು ಏಕೆಂದೇ ತಿಳಿದಿರುವುದಿಲ್ಲ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಮಾತಾಡುವ ಗಡಿಯ ಊರಿನ ರೈತನ ಕೈಗೆ ಇಂಗ್ಲಿಷಿನಲ್ಲಿ ಟೈಪಾದ ಇಪ್ಪತ್ತು ಪುಟ ಕೊಟ್ಟು, ದಾವೆ ವಜಾ ಎಂದರೆ ಅವನಿಗೆ ಅದು ನ್ಯಾಯವೆಂದು ಹೇಗೆ ಅನಿಸಬೇಕು? ಯಾರೋ ಏನೋ ಮಾಡಿಸಿದರು ಎಂದೇ ಅವನು ತಿಳಿಯುತ್ತಾನೆ. ಆ ಅನುಮಾನದಿಂದಲೇ ಮುಂದಿನ ದಾವೆ ಹುಟ್ಟುತ್ತದೆ. ತೀರ್ಪನ್ನು ಕನ್ನಡದಲ್ಲಿ ಬರೆಯಿರಿ. ಅಷ್ಟಾಗದಿದ್ದರೆ, ನಿಮ್ಮ ಸಾಕ್ಷಿಯನ್ನು ಈ ಕಾರಣಕ್ಕೆ ನಂಬಲಿಲ್ಲ, ನಿಮ್ಮ ಪತ್ರ ಈ ಕಾರಣಕ್ಕೆ ನಿಲ್ಲಲಿಲ್ಲ ಎಂದು ತೆರೆದ ಕೋರ್ಟಿನಲ್ಲಿ ಎರಡು ಮಾತು ಕನ್ನಡದಲ್ಲಿ ಹೇಳಿ. ಸೋತವನಿಗೂ ಅಷ್ಟು ಗೌರವ ಸಲ್ಲಬೇಕು.

ಮನೆಯ ಹೆಂಗಸರ ವಿಷಯವನ್ನು ಹೇಳದೆ ಇರಲಾರೆ. ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಒಂದು ಗುಂಟೆಯನ್ನೂ ಕೊಡದ ಅಣ್ಣಂದಿರು, ತಾವು ಸೋತ ಮೇಲೆ ಅವರನ್ನು ಕರೆಸಿ, ಅವರ ಹೆಸರಿನಲ್ಲಿ ಪಾಲುದಾವೆ ಹಾಕಿಸುತ್ತಾರೆ. ಗೆದ್ದರೆ ಜಮೀನು ಅಣ್ಣನಿಗೆ, ಸೋತರೆ ಅಲೆದಾಟ ತಂಗಿಗೆ. ಹೆಣ್ಣುಮಕ್ಕಳ ಹಕ್ಕು ಕಷ್ಟಪಟ್ಟು ಬಂದದ್ದು. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, ದೇಶ 2005ರಲ್ಲಿ ತಿದ್ದಿತು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗಳು ಹುಟ್ಟಿನಿಂದಲೇ ಸಹಪಾಲುದಾರಳು ಎಂದಿತು. ಅಂಥ ಹಕ್ಕನ್ನು ಸೋತ ಗಂಡಸು ತನ್ನ ಹಟಕ್ಕೆ ಮುಖವಾಡ ಮಾಡಿಕೊಳ್ಳುವುದು ಪಾಪ. ತಂಗಿಯರೇ, ಪಾಲು ನಿಮಗಾಗಿಯೇ ಬೇಕಿದ್ದರೆ ಧೈರ್ಯವಾಗಿ ಕೇಳಿ. ಇನ್ನೊಬ್ಬರು ಕೊಟ್ಟ ಕಾಗದಕ್ಕೆ, ಓದಿಸಿಕೊಳ್ಳದೆ, ಸಹಿ ಹಾಕಬೇಡಿ.

ನಾನು ಹೇಳುತ್ತಿರುವುದನ್ನು ಬಡವನ ಬಾಯಿ ಮುಚ್ಚಿಸಲು ಯಾರೂ ಬಳಸಬಾರದು. ಸಮನ್ಸೇ ತಲುಪದೆ ಏಕಪಕ್ಷೀಯ ಡಿಕ್ರಿಯಾಗಿದ್ದರೆ, ಅದೇ ಕೋರ್ಟಿಗೆ ಹೋಗಿ ಆದೇಶ 9ರ ನಿಯಮ 13ರಡಿ ರದ್ದು ಮಾಡಿಸಲು ಕೇಳುವುದು ಹಕ್ಕು. ಮೋಸದಿಂದ, ದಾಖಲೆ ಮುಚ್ಚಿಟ್ಟು ಪಡೆದ ಡಿಕ್ರಿ ಕೋರ್ಟಿಗೇ ಮಾಡಿದ ವಂಚನೆ, ಅದನ್ನು ಪ್ರಶ್ನಿಸಬಹುದೆಂದು ಸುಪ್ರೀಂ ಕೋರ್ಟು 1993ರ ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಹೇಳಿದೆ. ಬರೀ ಇಂಜಂಕ್ಷನ್ ದಾವೆಯಲ್ಲಿ ಸ್ವಾಧೀನವಷ್ಟೇ ತೀರ್ಮಾನವಾಗಿ ಹಕ್ಕಿನ ಪ್ರಶ್ನೆ ಉಳಿದಿದ್ದರೆ, ಹಕ್ಕಿಗಾಗಿ ದಾವೆ ಹೂಡುವುದು ಪುನರಾವರ್ತನೆಯಲ್ಲ. ತೀರ್ಪಾದ ಮೇಲೆ ಹೊಸದಾಗಿ ಬದು ಒತ್ತಿದ್ದರೆ ಅದು ಹೊಸ ವ್ಯಾಜ್ಯ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಕೈತಪ್ಪಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಬಂದಿದೆ. ದಲಿತ ಕುಟುಂಬವೊಂದು ಮೊದಲ ಬಾರಿಗೆ ಕಚೇರಿ ಮೆಟ್ಟಿಲು ಹತ್ತಿದಾಗ, ಎಲ್ಲ ಆಗಲೇ ಮುಗಿದಿದೆ ಎಂದು ಗದರಿಸಿ ಕಳಿಸುವವರ ಜೊತೆ ನಾನಿಲ್ಲ. ಯಾರ ಮಾತು ಇನ್ನೂ ಕೇಳಿಲ್ಲವೋ ಅವರಿಗೆ ಬಾಗಿಲು ತೆರೆದಿರಬೇಕು. ಅದಕ್ಕಾಗಿಯೇ, ಕೇಳಿಸಿಕೊಂಡವರು ಬಾಗಿಲಲ್ಲಿ ಅಡ್ಡ ನಿಲ್ಲಬಾರದು. ದೇಶದ ಕೆಳಹಂತದ ಕೋರ್ಟುಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣ ಬಾಕಿ ಇರುವಾಗ, ನಿಮ್ಮ ಎರಡನೇ ದಾವೆ ತಿನ್ನುವ ಸಮಯ ಯಾರದೋ ಮೊದಲನೇ ದಾವೆಯದು. ಜೀವನಾಂಶಕ್ಕಾಗಿ ಕಾಯುತ್ತಿರುವ ಹೆಣ್ಣುಮಗಳದು, ಅಪಘಾತದಲ್ಲಿ ಮಗನನ್ನು ಕಳೆದುಕೊಂಡು ಪರಿಹಾರಕ್ಕೆ ಕೂತ ತಾಯಿಯದು.

ಊರ ಹಿರಿಯರೇ, ಹಾಲಿನ ಡೇರಿಯ ಮುಂದೆ, ದೇವಸ್ಥಾನದ ಕಟ್ಟೆಯ ಮೇಲೆ ಇಂಥ ಮಾತು ಬಂದಾಗ ಇದುವರೆಗೆ ನೀವು ಸುಮ್ಮನಿದ್ದಿರಿ. ಇನ್ನು ಸುಮ್ಮನಿರಬೇಡಿ. ಸೋತವನಿಗೆ ಸಮಾಧಾನ ಹೇಳಿ, ಅವನ ಮಕ್ಕಳಿಗೆ ಬುದ್ಧಿ ಹೇಳಿ, ಮತ್ತೊಂದು ದಾವೆಗೆ ಸಾಕ್ಷಿ ನಿಲ್ಲು ಎಂದು ಕರೆದರೆ ಬರುವುದಿಲ್ಲ ಎನ್ನಿ.

ಗೆದ್ದವರೇ, ನಿಮ್ಮ ದಾವಾಪತ್ರ, ಉತ್ತರ, ತೀರ್ಪು, ಡಿಕ್ರಿಗಳ ದೃಢೀಕೃತ ನಕಲನ್ನು ಇವತ್ತೇ ತೆಗೆದಿಡಿ. ಮತ್ತೆ ದಾವೆ ಬರುವ ಸುಳಿವಿದ್ದರೆ ಕೇವಿಯಟ್ ಹಾಕಿ, ಅದು ತೊಂಬತ್ತು ದಿನ ಜೀವಂತ. ವಕೀಲರಿಗೆ ಕೊಡಲು ಹಣವಿಲ್ಲದ ಹೆಣ್ಣುಮಕ್ಕಳು, ಪರಿಶಿಷ್ಟರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಸೋತವರೇ, ತೀರ್ಪು ತಪ್ಪೆನಿಸಿದರೆ ಅಪೀಲು ಮಾಡಿ. ತಾಲ್ಲೂಕು, ಜಿಲ್ಲೆಯ ಮೇಲಿನ ಕೋರ್ಟಿಗೆ ಮೂವತ್ತು ದಿನ, ಹೈಕೋರ್ಟಿಗೆ ತೊಂಬತ್ತು ದಿನ ಅವಧಿ ಇದೆ. ಅಲ್ಲಿ ಪೂರಾ ಬಲ ಹಾಕಿ ಹೋರಾಡಿ. ಅಲ್ಲಿಯೂ ಸೋತರೆ ಜಮೀನನ್ನು ಅದರ ಒಡೆಯನಿಗೆ ಬಿಟ್ಟುಕೊಡಿ.